ಡಾಕ್ಟರಬಾಯಿಗೂ ಒಂದು ಆಯ

ಉಳವಪ್ಪ ಒಳ್ಳೆಯವನು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಮುಂದೆ ಹೇಳಲು ಅವಕಾಶ ಸಿಗುವುದು ಕಷ್ಟ. ನಾನು ಅವನ ಗೋಡೆಗೆ ಗೋಡೆ ಹಚ್ಚಿ ಬಾಳುವೆ ಮಾಡುವವನು. ಅವನ ಮನೆಯ ಒಗ್ಗರಣೆಗೆ ನಾನು ಸೀನುತ್ತೇನೆ, ನನ್ನ ಮನೆಯ ಜಗಳಕ್ಕೆ ಅವನು ತೀರ್ಪು ಕೊಡುತ್ತಾನೆ. ಯಾವ ಮಾತು ಬಂದರೂ ಹೆಗಲ ಮೇಲಿನ ಟಾವೆಲ್ ಕೊಡವಿ, “ಇದರ ಮೂಲಕ್ಕ ಹೋಗೂಣು” ಎನ್ನುವುದು ಅವನ ಹುಟ್ಟುಗುಣ. ಹೋದವನು ಏನಾದರೂ ಹಿಡಿದುಕೊಂಡು ತಿರುಗಿ ಬಂದದ್ದನ್ನು ನಮ್ಮೂರು ಇನ್ನೂ ಕಂಡಿಲ್ಲ. ಆದರೂ ಹಾಲಿನ ಸಂಘಕ್ಕೆ ಅವನೇ ಅಧ್ಯಕ್ಷ, ಯಾಕೆಂದರೆ ಉಳಿದವರಿಗೆ ಕೆಲಸ ಇರುತ್ತದೆ. ಅವನ ಹೆಂಡತಿ ಮಹಾನಂದಾ ಗಂಡನ ಗುಣವನ್ನು ಒಂದೇ ಮಾತಿನಲ್ಲಿ ಮುಗಿಸುತ್ತಾಳೆ: “ಮನಿಗೆ ಮಾರಿ, ಊರಿಗೆ ಉಪಕಾರಿ.”

ನಮ್ಮೂರಿಗೆ ಬರಬೇಕೆಂದರೆ ಸುರೇಬಾನದಲ್ಲಿ ಬಸ್ಸಿಳಿದು ಹೊಲದ ಹಾದಿ ಹಿಡಿಯಬೇಕು. ಅಂಥ ಊರಿಗೆ ಒಬ್ಬ ಡಾಕ್ಟರು ಬಂದು ನೆಲೆಸಿದ್ದೇ ನಮ್ಮ ಹಿರಿಯರ ಪುಣ್ಯ. ರಾಜೇಶ್ವರಿ ಅಂತ, ಮುನವಳ್ಳಿ ಕಡೆಯವರು. ಊರೆಲ್ಲ ಡಾಕ್ಟರಬಾಯಿ ಎಂದೇ ಕರೆಯುತ್ತಿತ್ತು. ಆ ಡಾಕ್ಟರಬಾಯಿ ಒಂದು ದಿನ ಹನುಮಪ್ಪನ ಗುಡಿಕಟ್ಟೆಗೆ ಬಂದು, ಊರು ಬಿಟ್ಟು ಬೈಲಹೊಂಗಲಕ್ಕೆ ಹೋಗುತ್ತೇನೆ ಎಂದರು.

“ಮಳಿಗಾಲದಾಗ ಊರಿಗೆ ಊರ ನನ್ನ ಬಾಗಲದಾಗ ಇರತೈತಿ, ಸುಗ್ಗಿಯೊಳಗ ನೊಣಾನೂ ಹಾಯೂದಿಲ್ಲ. ಬಂದವರೂ ‘ಕಬ್ಬಿನ ಬಿಲ್ಲು ಬರಲ್ರಿ, ಆಮ್ಯಾಲ ಕೊಡತೇವಿ’ ಅಂತ ಹೇಳಿ ಹೋಗತೀರಿ. ನಾ ಹ್ಯಾಂಗ ಬಾಳೇವು ಮಾಡಲಿ ನೀವ ಹೇಳ್ರಿ,” ಎಂದರು.

ಹೇಳುವ ಯೋಗ್ಯತೆ ಉಳಿಸಿಕೊಂಡವನು ಆ ಕಟ್ಟೆಯ ಮೇಲೆ ಒಬ್ಬನೂ ಇರಲಿಲ್ಲ.

ಈ ಸುದ್ದಿ ಎಲ್ಲರಿಗೂ ಕೆಟ್ಟದ್ದೇ, ಆದರೆ ಉಳವಪ್ಪನಿಗೆ ಕೆಟ್ಟದ್ದು ಎಂದರೆ ಸಾಲದು. ಅವನ ತಾಯಿ ಮರೆವ್ವನಿಗೆ ದಮ್ಮು. ದಮ್ಮು ಎದ್ದರೆ ಮುದುಕಿಯ ತುಟಿ ನೇರಳೆ ಹಣ್ಣಾಗುತ್ತದೆ. ಆಗ ಹೊತ್ತುಕೊಂಡು ಓಡುವುದು, ಡಾಕ್ಟರಬಾಯಿ ಮೂಗು ಬಾಯಿ ಮುಚ್ಚುವ ಹಾಗೆ ಒಂದು ಬಟ್ಟಲು ಕಟ್ಟಿ, ಯಂತ್ರ ಹಚ್ಚಿ ಔಷಧದ ಹೊಗೆ ಕೊಡುವುದು, ಮುದುಕಿ ಕಣ್ಣು ಬಿಟ್ಟು “ಚಾ ಐತೇನು” ಅನ್ನುವುದು. ಡಾಕ್ಟರಬಾಯಿ ಬರುವ ಮೊದಲು ಒಮ್ಮೆ ರಾಮದುರ್ಗಕ್ಕೆ ಒಯ್ಯಲು ಹೊರಟಾಗ, ಸುರೇಬಾನದ ಬಸ್‌ಸ್ಟ್ಯಾಂಡಿನಲ್ಲೇ ಹೆಂಗಸರು ಅಳಲು ಶುರು ಮಾಡಿದ್ದರು.

“ಡಾಕ್ಟರಬಾಯಿ ಹೋದ್ರ ನಮ್ಮವ್ವ ರಾಮದುರ್ಗ ಮುಟ್ಟೂದಿಲ್ಲೋ ಸದಾಶಿವ,” ಎಂದ ಉಳವಪ್ಪ ನನಗೆ. ಇಷ್ಟೇ ಎಂದ. ಮೂಲಕ್ಕೆ ಹೋಗಲಿಲ್ಲ. ನನಗೆ ನಿಜವಾಗಿ ಹೆದರಿಕೆಯಾಯಿತು.

ಹೆದರಿಕೆ ಬಹಳ ಹೊತ್ತು ಉಳಿಯಲಿಲ್ಲ. ಸಂಜೆ ಹೊತ್ತಿಗೆ ಅವನು ಕಂಬಾರ ಹಣಮಂತಪ್ಪನ ಕುಲುಮೆಯ ಮುಂದೆ ಕೂತಿದ್ದಾಗ ಅವನ ತಲೆಯಲ್ಲಿ ಒಂದು ವಿಚಾರ ಹುಟ್ಟಿತು, ಹುಟ್ಟಿದ್ದೇ ಅದು ಕಟ್ಟೆಗೆ ಓಡಿ ಬಂತು.

“ಇದರ ಮೂಲಕ್ಕ ಹೋಗೂಣು,” ಎಂದ ಟಾವೆಲ್ ಕೊಡವಿ. “ಕುಡಗೋಲು ಹದಾ ಮಾಡಿಸಿದಾಗೊಮ್ಮೆ ನಾವು ಹಣಮಂತಪ್ಪಗ ರೊಕ್ಕ ಕೊಡತೇವೇನು? ಇಲ್ಲ. ಸುಗ್ಗಿಗೊಮ್ಮೆ ಆಯ ಕೊಡತೇವಿ. ಮನಿಗಿಷ್ಟು ಅಂತ ಜೋಳ ಕೊಟ್ಟು ಕೈ ತೊಳಕೊಂಡ್ರ ವರ್ಷಾ ಪೂರಾ ಅಂವ ಬಡೀತಾನ. ಬಡಿಗ್ಯಾಗೂ ಆಯ, ಕಂಬಾರಗೂ ಆಯ. ಹಂಗಾದ್ರ ಡಾಕ್ಟರಬಾಯಿ ಏನ ಪಾಪ ಮಾಡ್ಯಾಳ? ಕುಡಗೋಲು ಮಂಡ ಆದ್ರ ಅಂವ, ಮನಷ್ಯಾ ಮಂಡ ಆದ್ರ ಆಕಿ. ತಲಿಗೊಂದು ಪುಟ್ಟಿ ಜೋಳ. ಜಡ್ಡ ಬಿದ್ರೂ ಒಂದು ಪುಟ್ಟಿ, ಬೀಳದಿದ್ರೂ ಒಂದು ಪುಟ್ಟಿ.”

ಕಟ್ಟೆ ಗಂಭೀರವಾಯಿತು. ಅಡತಿ ಅಂಗಡಿಯ ಮಹಾಂತಪ್ಪ, ಜೋಳವನ್ನು ತಾನೇ ಮಾರಿಕೊಡುವುದಾಗಿ ಒಪ್ಪಿದ. ಜಗಳ ತೆಗೆದವನು ಪರಸಪ್ಪ ಒಬ್ಬನೇ. ಪರಸಪ್ಪನದು ಅಣ್ಣತಮ್ಮಂದಿರು ಕೂಡಿ ಇರುವ ಮನೆ. ತೊಲೆಯಂಥ ಗಂಡಸರು, ಹೆಂಗಸರೂ ಅದೇ ಮರದವರು. ಆ ಮನೆಯಲ್ಲಿ ಸೀನಿದರೆ ನಮ್ಮ ಓಣಿಯ ನಾಯಿ ಏಳುತ್ತದೆ.

“ನಮ್ಮ ಮನ್ಯಾಗ ತಲಿ ಭಾಳ, ಜಡ್ಡ ಇಲ್ಲ. ಕೊಟ್ಟವ ಕೋಡಂಗಿ ಆಗಬೇಕೇನು ನಾ?” ಎಂದ.

“ನಾಳೆ ನೀ ಜಡ್ಡ ಬಿದ್ರ?” ಎಂದ ಉಳವಪ್ಪ.

“ಬೀಳೂದಿಲ್ಲ.”

“ಬಿದ್ರ?”

“ಬಿದ್ದು ತೋರಸ್ತೇನಿ ತಗೋ,” ಎಂದು ಪರಸಪ್ಪ ಹಟಕ್ಕೇ ಒಪ್ಪಿಕೊಂಡ.

ಡಾಕ್ಟರಬಾಯಿ ಕೇಳಿ ನಕ್ಕರು. ಆಮೇಲೆ ನಗು ನಿಲ್ಲಿಸಿ, “ಅಂದ್ರ ನೀವು ಜಡ್ಡ ಬಿದ್ರೂ ಅಷ್ಟ, ಬೀಳದಿದ್ರೂ ಅಷ್ಟ?” ಎಂದು ಕೇಳಿದರು.

“ಅಷ್ಟ ರೀ.”

“ಹಂಗಾದ್ರ ನೀವು ಬೀಳದಂಗ ನೋಡ್ಕೊಂಡ್ರ ನನಗ ಸುಖ. ಆತು, ಇರತೇನಿ.”

ಈ ಮಾತಿನ ತೂಕ ನಮಗ್ಯಾರಿಗೂ ಅವತ್ತು ತಿಳಿಯಲಿಲ್ಲ. ಡಾಕ್ಟರಬಾಯಿ ಉಳಿದರು ಎಂದು ಉಳವಪ್ಪ ಗುಡಿಗೆ ಕಾಯಿ ಒಡೆಸಿದ. ಮರೆವ್ವ ಕಾಯಿ ಚೂರು ಕಡಿಯಲಾರದೆ ಚೀಪಿದಳು.

ಸುಗ್ಗಿಯಾಯಿತು, ಪುಟ್ಟಿಗಳು ಬಂದವು. ಮರುದಿನ ದವಾಖಾನೆಯ ಮುಂದೆ ಊರೇ ನಿಂತಿತ್ತು. ನನಗೂ ಗಾಬರಿ, ಊರಿಗೆ ಏನು ಬಂತಪ್ಪ ಎಂದು ಹೋಗಿ ನೋಡಿದರೆ ಒಬ್ಬರಿಗೂ ಏನೂ ಬಂದಿಲ್ಲ.

“ಆಯ ಕೊಟ್ಟೇವಲ್ರಿ, ಅದಕ್ಕ ತೋರಿಸಿಕೊಂಡು ಹೋಗೂಣಂತ,” ಎಂದಳು ಶಟ್ಟೆವ್ವ. ಶಟ್ಟೆವ್ವ ಎಂದರೆ ನಮ್ಮ ಓಣಿಯ ಆಕಾಶವಾಣಿ. ತನ್ನ ಜೊತೆಗೆ ಮಗಳನ್ನೂ, ಸವದತ್ತಿಯಿಂದ ಹಬ್ಬಕ್ಕೆ ಬಂದಿದ್ದ ಅಳಿಯನನ್ನೂ ತಂದಿದ್ದಳು. ಅಳಿಯ ಹೊಸ ಅಂಗಿ ಹಾಕಿಕೊಂಡು, ತನಗೇನಾಗಿದೆ ಎಂದು ತಿಳಿಯದೆ ಎಲ್ಲರ ಮುಖ ನೋಡುತ್ತಿದ್ದ.

“ಇವರಿಗೇನಾಗೇತಿ?” ಎಂದರು ಡಾಕ್ಟರಬಾಯಿ.

“ಅದನ್ನ ನೀವ ಹೇಳಬೇಕ್ರಿ. ನಾವೇನು ಕಲಿತವರೇನು?”

ಪರಸಪ್ಪನ ಸರದಿ ಬಂತು. ಅಂಗಿ ಬಿಚ್ಚಿ ಮೇಜಿನ ಮೇಲೆ ಮಲಗಿಯೇ ಬಿಟ್ಟ. ಮೇಜು ಅತ್ತಿತು. ಡಾಕ್ಟರಬಾಯಿ ಎದೆ ನೋಡಿ, ನಾಡಿ ನೋಡಿ, ಬಿ.ಪಿ. ನೋಡಿ, “ನಿಮಗೇನೂ ಇಲ್ಲ,” ಎಂದರು.

“ಏನೂ ಇಲ್ಲ?”

“ಏನೂ ಇಲ್ರಿ. ಕಲ್ಲ ಇದ್ದಂಗ ಇದ್ದೀರಿ.”

ಮನುಷ್ಯನ ಮುಖ ಕಪ್ಪಿಟ್ಟಿತು. “ಹಂಗಂದ್ರ ಹ್ಯಾಂಗ್ರಿ? ಒಂದು ಸೂಜಿನರ ಮಾಡ್ರಿ. ಗುಳಿಗಿನರ ಕೊಡ್ರಿ. ಇಷ್ಟು ಪುಟ್ಟಿ ಜೋಳ ಸುರುವೇನಿ, ಬರೀ ಕೈಲೆ ಮನಿಗೆ ಹ್ಯಾಂಗ ಹೋಗಲಿ?”

ಬರೀ ಕೈಯಲ್ಲೇ ಹೋದ. ಹೋಗುವಾಗ ಕಟ್ಟೆಯ ಮೇಲೆ, “ನನಗ ಏನೂ ಇಲ್ಲಂತ!” ಎಂದು ಮನೆ ಹರಾಜಾದವನ ದನಿಯಲ್ಲಿ ಹೇಳಿದ. ಎಲ್ಲರೂ ಮರುಗಿದರು.

ಇದಾದ ಕೆಲವು ದಿನಕ್ಕೆ ಮಹಾಂತಪ್ಪನ ಮಗಳು ಶೀತಲ ಚೊಚ್ಚಲ ಬಾಣಂತನಕ್ಕೆ ಕಿತ್ತೂರಿನಿಂದ ತವರಿಗೆ ಬಂದಳು. ಈಗ ಹೆರಿಗೆ ಆಯದೊಳಗೆ ಬರುತ್ತದೋ ಇಲ್ಲವೋ ಎಂಬ ಪ್ರಶ್ನೆ ಎದ್ದಿತು. ಇಂಥ ಪ್ರಶ್ನೆ ಯಾವ ದೊಡ್ಡ ಸಭೆಯಲ್ಲೂ ಎದ್ದಿರಲಿಕ್ಕಿಲ್ಲ, ನಮ್ಮ ಕಟ್ಟೆಯಲ್ಲಿ ಎದ್ದಿತು. ಆಯದ ವಾಡಿಕೆ ಬಲ್ಲವನೆಂದು ಹಣಮಂತಪ್ಪನನ್ನು ಕುಲುಮೆಯಿಂದ ಎಬ್ಬಿಸಿ ತಂದರು.

“ಹಳೇದರ ರಿಪೇರಿ ಆಯದಾಗ ಬರತೈತ್ರಿ,” ಎಂದ ಅವನು. “ಹೊಸಾ ಕುಡಗೋಲು ಮಾಡಿದ್ರ ಅದು ಬ್ಯಾರೆ.”

“ಕೂಸು ಹೊಸಾದು,” ಎಂದ ಪರಸಪ್ಪ ಕೂಡಲೇ.

“ಕೂಸೇನು ಡಾಕ್ಟರಬಾಯಿ ಮಾಡತಾಳೇನೋ?” ಎಂದ ಮಹಾಂತಪ್ಪ ಸಿಟ್ಟಿನಿಂದ. “ನಮ್ಮ ಮಗಳು ಹಳೇಕಿ. ಆಕೀನ್ನ ನೋಡೂದು ರಿಪೇರಿ.”

“ಇದರ ಮೂಲಕ್ಕ ಹೋಗೂಣು,” ಎಂದ ಉಳವಪ್ಪ. “ಮಗಳನ್ನ ಕೊಟ್ಟದ್ದು ಕಿತ್ತೂರಿಗೆ. ಅಂದ ಮ್ಯಾಲ ಆಕಿ ತಲಿ ಕಿತ್ತೂರಿನ ಲೆಕ್ಕ. ಕೂಸೂ ಕಿತ್ತೂರಿಂದ. ಕಿತ್ತೂರಿನ ಮಾಲು ನಮ್ಮೂರಾಗ ತಯಾರಾದ್ರ ಆಯ ಯಾರ ಕೊಡಬೇಕು, ಇದು ವಿಚಾರ ಮಾಡೂ ಮಾತು.”

ವಿಚಾರ ಮಾಡುತ್ತಿದ್ದಾಗಲೇ ಡಾಕ್ಟರಬಾಯಿ ಹುಡುಗಿಯನ್ನು ಪರೀಕ್ಷಿಸಿ, ಕೂಸು ಅಡ್ಡ ಇದೆ, ಇಲ್ಲಿ ಬೇಡ ಎಂದು ಆಂಬುಲೆನ್ಸ್ ತರಿಸಿ ರಾಮದುರ್ಗಕ್ಕೆ ಕಳಿಸಿದರು. ಹೆರಿಗೆ ಸರ್ಕಾರಿ ದವಾಖಾನೆಯಲ್ಲಿ ಚೆನ್ನಾಗಿ ಆಯಿತು. ಮಹಾಂತಪ್ಪ ಪೇಢೆ ಹಂಚಿದ. ಪರಸಪ್ಪ ಪೇಢೆ ತಿನ್ನುತ್ತ, “ನೋಡ್ರಿ, ತನ್ನ ಕೆಲಸ ಉಳಿಸ್ಕೊಂಡು ದಾಟಿಸಿಬಿಟ್ಲು,” ಎಂದ. ಎಂಥ ಮಾತು! ಆದರೂ ಕಟ್ಟೆಯ ಕಿವಿಯಲ್ಲಿ ಅದು ಉಳಿಯಿತು.

ಮಳೆಗಾಲ ಬರುವ ಮೊದಲೇ ಡಾಕ್ಟರಬಾಯಿ ಬೇರೆ ಮನುಷ್ಯರಾಗಿದ್ದರು. ಬೆಳಗಾದರೆ ಕುರ್ಚಿ ಬಿಟ್ಟು ಓಣಿಗೆ ಇಳಿಯುವರು. ಬಾವಿಯ ಹೂಳು ತೆಗೆಸಿದರು. ಗಟಾರ ಬಳಿಸಿದರು. ಮಿರ್ಚಿ ಭಜಿ ಬಂಡಿಯ ಪಕ್ಕ ನಿಂತು, ತಿನ್ನುವವರ ಕೈಯನ್ನೇ ನೋಡುವರು. ಎದುರಿಗೆ ಡಾಕ್ಟರು ನಿಂತು ನೋಡುತ್ತಿದ್ದರೆ ಭಜಿ ಗಂಟಲಲ್ಲಿ ಇಳಿಯುವುದೆಂತು? ನನ್ನ ತಂಬಾಕದ ಚೀಲವನ್ನು ಹಾಡಹಗಲೇ ಕಸಿದುಕೊಂಡರು. “ನಿಮಗ ಬಾಯಿ ಹುಣ್ಣಾದ್ರ ನನ್ನ ಜೋಳ ಹೋಗತಾವ್ರಿ ಸದಾಶಿವಣ್ಣ,” ಎಂದರು. ನನ್ನ ಬಾಯಿ, ನನ್ನ ತಂಬಾಕು, ಅವರ ಜೋಳ! ನಾನು ಮೂರು ದಿನ ಅವರ ದಾರಿಯಲ್ಲಿ ಹಾಯಲಿಲ್ಲ.

ಆ ಮಳೆಗಾಲದಲ್ಲಿ ವಾಂತಿಭೇದಿ ಬರಲಿಲ್ಲ. ಪ್ರತಿ ವರ್ಷ ಬರುತ್ತಿತ್ತು, ಆ ವರ್ಷ ಬರಲಿಲ್ಲ. ಇದಕ್ಕೆ ಊರು ಸಂತೋಷಪಟ್ಟಿತೇ? ಬರದೆ ಇದ್ದದ್ದಕ್ಕೆ ಯಾರಾದರೂ ಕೈ ಮುಗಿದದ್ದು ಉಂಟೇ? ಊರಿಗೆ ಕಂಡದ್ದು ಒಂದೇ: ಡಾಕ್ಟರಬಾಯಿ ಸೂಜಿ ಮಾಡುವುದನ್ನು ಬಿಟ್ಟಿದ್ದಾರೆ.

“ಥಂಡಿ ಆಗೇತಿ ಅಂದ್ರ ಬಿಸಿನೀರು ಕುಡಿ ಅಂತಾಳ,” ಎಂದು ಶಟ್ಟೆವ್ವ ಓಣಿಗೆಲ್ಲ ಸಾರಿದಳು. “ಬಿಸಿನೀರು ಕಾಸಾಕ ನನಗ ಬರೂದಿಲ್ಲೇನು? ಮದಲ ಹೋದ ಕೂಡ್ಲೆ ಚುಚ್ಚತಿದ್ಲು. ಈಗ ಆಯ ಬಂತಲ್ಲ, ಔಷಧ ಉಳಸ್ತಾಳ.”

ಮಾತು ದವಾಖಾನೆಗೂ ಮುಟ್ಟಿತು. ಡಾಕ್ಟರಬಾಯಿ ಹೊರಗೆ ಬಂದು ಮೆಟ್ಟಿಲ ಮೇಲೆ ನಿಂತರು.

“ಸೂಜಿ ಮಾಡದಿದ್ರ ನೀವು ರೊಕ್ಕ ಕೊಡತಿದ್ದಿಲ್ಲ. ಅದಕ್ಕ ಬೇಕಿದ್ದವರಿಗೂ ಚುಚ್ಚಿದೆ, ಬ್ಯಾಡಾದವರಿಗೂ ಚುಚ್ಚಿದೆ. ಈಗ ಬೇಕಾದವರಿಗಷ್ಟ ಮಾಡತೇನಿ,” ಎಂದರು.

ಇಷ್ಟು ವರ್ಷ ಚುಚ್ಚಿಸಿಕೊಂಡ ಜಾಗವನ್ನು ಎಲ್ಲರೂ ಒಮ್ಮೆ ನೆನೆಸಿಕೊಂಡರು. ಆಗ ಉಳವಪ್ಪ ಸಮಾಧಾನ ಹೇಳಲು ಮುಂದೆ ಬಂದ. ಅವನು ಬರಬಾರದಿತ್ತು.

“ಇದರ ಮೂಲಕ್ಕ ಹೋಗೂಣು. ಮದಲ ಬಾಯಾರು ರೊಕ್ಕದ ಸಲುವಾಗಿ ಚುಚ್ಚತಿದ್ರು, ಈಗ ಜೋಳದ ಸಲುವಾಗಿ ಚುಚ್ಚೂದಿಲ್ಲ. ಎರಡರಾಗೂ ಅವರ ತಪ್ಪ ಏನೂ ಇಲ್ಲ!”

ಇದಕ್ಕಿಂತ ಹೆಚ್ಚಿನ ಹಾನಿಯನ್ನು ವೈರಿಯೂ ಮಾಡಲಾರ. ಊರು ಎರಡು ಪಾಲಾಯಿತು. ಮೊದಲು ಮೋಸವಾಗಿದೆ ಎನ್ನುವವರು ಅರ್ಧ, ಈಗ ಮೋಸವಾಗುತ್ತಿದೆ ಎನ್ನುವವರು ಅರ್ಧ. ಪರಸಪ್ಪ ಎರಡೂ ಕಡೆ ಇದ್ದ.

ದೀಪಾವಳಿ ಕಳೆದು ಚಳಿ ಬಿತ್ತು. ಚಳಿಯಲ್ಲಿ ಮರೆವ್ವನ ದಮ್ಮು ಬಿಡುವೇ ಕೊಡಲಿಲ್ಲ. ಗೋಡೆಯ ಆಚೆ ಅವಳು ಉಸಿರು ಎಳೆಯುವುದು ನನಗೆ ಊಟಕ್ಕೆ ಕೂತಲ್ಲಿ ಕೇಳುತ್ತಿತ್ತು. ನಾನು ತುತ್ತು ಹಿಡಿದು ಅವಳ ಮುಂದಿನ ಉಸಿರಿಗೆ ಕಾಯುತ್ತಿದ್ದೆ. ದಿನಾ ಹೊತ್ತುಕೊಂಡು ಹೋಗುವುದು, ಹೊಗೆ ಕೊಡಿಸುವುದು, ತರುವುದು. ಆದರೆ ಅವಳು ಮೊದಲಿನಂತೆ ಚೇತರಿಸಿಕೊಳ್ಳುತ್ತಿರಲಿಲ್ಲ. ಚಾ ಕೇಳುವುದನ್ನು ಬಿಟ್ಟಿದ್ದಳು.

ಆಗಲೇ ಪರಸಪ್ಪ ಕಟ್ಟೆಯಲ್ಲಿ ಸಭೆ ಕರೆದ. ತನ್ನ ಜೋಳ ದಂಡವಾಯಿತು, ಬರುವ ಸುಗ್ಗಿಗೆ ತಾನು ಕೊಡುವುದಿಲ್ಲ, ತನ್ನ ಹಾಗೆ ಗಟ್ಟಿ ಇದ್ದವರು ಯಾರೂ ಕೊಡಬಾರದು ಎಂಬುದು ಅವನ ವಾದ. ಗಟ್ಟಿ ಇದ್ದವರು ಕೊಡದಿದ್ದರೆ ಆಯ ಇಲ್ಲ, ಆಯ ಇಲ್ಲದಿದ್ದರೆ ಡಾಕ್ಟರಬಾಯಿ ಇಲ್ಲ. ಇಷ್ಟು ಎಲ್ಲರಿಗೂ ಗೊತ್ತಿತ್ತು. ಉಳವಪ್ಪ ಅಧ್ಯಕ್ಷನ ಜಾಗದಲ್ಲಿ ಬೆವರುತ್ತ ಕೂತಿದ್ದ.

“ವರ್ಷಾನಗಟ್ಟಲೆ ನಮ್ಮ ಮನ್ಯಾಗ ಒಂದು ತಲಿನೋವಿಲ್ಲ,” ಎಂದ ಪರಸಪ್ಪ. “ಅಲ್ಲೆ ಒಂದ ಮನಿ ಐತಿ, ದಿನಾ ದವಾಖಾನ್ಯಾಗ. ಯಾರ ಮನಿ ಅಂತ ನಾ ಹೇಳೂದಿಲ್ಲ, ಅಧ್ಯಕ್ಷರಿಗೆ ಗೊತ್ತೈತಿ.”

ಮಹಾಂತಪ್ಪ ಮಧ್ಯಸ್ಥನಂತೆ ಕೆಮ್ಮಿ, “ಬಾಯಾರನ್ನ ಬಿಡೂದು ಬ್ಯಾಡ. ಹಳೇ ಜಡ್ಡಿನವರನ್ನಷ್ಟ ಆಯದಿಂದ ಹೊರಗ ಇಡೂಣು. ಅವರು ಬ್ಯಾರೆ ನೋಡ್ಕೊಳ್ಳಿ. ಉಳವಪ್ಪ, ನೀನ ತೀರ್ಪು ಹೇಳು,” ಎಂದ.

ಹಳೇ ಜಡ್ಡಿನವರು ಎಂದರೆ ಊರಲ್ಲಿ ಒಬ್ಬಳೇ.

ಉಳವಪ್ಪ ಎದ್ದ. ಟಾವೆಲ್ ಹೆಗಲಿನಿಂದ ತೆಗೆದ, ಕೊಡವಲಿಲ್ಲ, ಅದರಿಂದ ಮುಖ ಒರೆಸಿಕೊಂಡ. ಬಾಯಿ ತೆರೆದ. ಅದರಿಂದ ಒಂದು ಅಕ್ಷರ ಬರಲಿಲ್ಲ. ನಾನು ಈ ಮನುಷ್ಯ ಸುಮ್ಮನಾಗಲಿ ಎಂದು ಹರಕೆ ಹೊತ್ತವನು. ಆ ದಿನ ಏನಾದರೂ ಬೊಗಳಬಾರದೇ ಎನಿಸಿತು.

ಸಭೆಯ ಅಂಚಿನಲ್ಲಿ ನಿಂತಿದ್ದ ಡಾಕ್ಟರಬಾಯಿಯೇ ಮಾತಾಡಿದರು. “ನಾ ಒಂದು ಹೇಳತೇನಿ, ಆಮ್ಯಾಲ ನೀವು ಬೇಕಾದ್ದು ಮಾಡ್ರಿ. ಮರೆವ್ವನ ಔಷಧಕ್ಕ ಒಂದು ಓಣಿ ಜೋಳ ಹೋಗತಾವ. ಚಳಿಗಾಲ ಪೂರಾ ಅದನ್ನ ನೋಡಿ ನನಗ ಅಂಜಿಕಿ ಬಂತು. ದಿನಕ್ಕ ಮೂರು ಸಲ ಕೊಡೂ ಹೊಗಿ ನಾ ಒಂದ ಸಲ ಕೊಟ್ಟೇನಿ. ಸಾಕಾಗತೈತಿ ಅಂತ ಅವರಿಗೂ ಸುಳ್ಳ ಹೇಳೇನಿ, ನನಗೂ ಹೇಳ್ಕೊಂಡೇನಿ. ಮದಲ ರೊಕ್ಕದ ಕಾಲಕ್ಕ ಹಂಗ ಮಾಡತಿರಲಿಲ್ಲ. ಆಯ ತಗೊಂಡ ಕೈ ನಂದು, ತಪ್ಪೂ ನಂದು.”

ಮಹಾನಂದಾ ಹೆಂಗಸರ ಸಾಲಿನಲ್ಲಿ ಸೆರಗು ಬಾಯಿಗೆ ಒತ್ತಿಕೊಂಡಳು. ಉಳವಪ್ಪ ಡಾಕ್ಟರಬಾಯಿಯನ್ನು ನೋಡಿದ ನೋಟ ನಾನು ಮರೆಯಲಾರೆ. ಅದರಲ್ಲಿ ಸಿಟ್ಟಿರಲಿಲ್ಲ. ಅವನಿಗೆ ಏನೂ ತೋಚುತ್ತಿರಲಿಲ್ಲ, ಅಷ್ಟೇ.

ಆಗ ಓಣಿಯ ಕಡೆಯಿಂದ ಮರೆವ್ವ ಬಂದಳು. ಯಾರೂ ಕರೆದಿರಲಿಲ್ಲ. ಒಂದು ಮನೆಯ ಗೋಡೆ ಹಿಡಿದು ನಿಲ್ಲುವಳು, ಉಸಿರು ಕೂಡಿಸಿಕೊಳ್ಳುವಳು, ಇನ್ನೊಂದು ಮನೆಯ ಗೋಡೆಗೆ ಬರುವಳು. ಎತ್ತಿ ತರಲು ಹೋದವರನ್ನು ಕೈ ಬೀಸಿ ದೂರ ಇಟ್ಟಳು. ಊರಿಗೆ ಊರೇ ಉಸಿರು ಬಿಗಿಹಿಡಿದು ಅವಳು ಉಸಿರಾಡುವುದನ್ನು ನೋಡಿತು. ಕೊನೆಗೆ ಕಟ್ಟೆ ಮುಟ್ಟಿ ಕೂತಳು.

“ಪರಸ್ಯಾ, ಇಲ್ಲೆ ಬಾ,” ಎಂದಳು.

ಪರಸಪ್ಪ ಹೋಗಿ ಎದುರು ಕುಕ್ಕರಗಾಲಲ್ಲಿ ಕೂತ. ಕೂತರೂ ಅವಳಷ್ಟೇ ಎತ್ತರವಿದ್ದ.

“ನಿನ್ನ ಜೋಳ ದಂಡ ಆದೂ ಅಂದೀ?”

“ಹೌದು ದೊಡ್ಡವ್ವ. ಮನ್ಯಾಗ ಒಬ್ಬರೂ ಜಡ್ಡ ಬೀಳಲಿಲ್ಲ. ಒಂದು ಗುಳಿಗಿ ಸಹಿತ ಸಿಗಲಿಲ್ಲ.”

“ನಂದು ವಸೂಲಾಗೇತಿ ನೋಡಪಾ. ಬಡ್ಡಿ ಸಹಿತ ವಸೂಲಾಗೇತಿ.” ಅವಳು ಮಾತು ನಿಲ್ಲಿಸಿ ಉಸಿರು ಎಳೆದುಕೊಂಡಳು. “ಒಂದೊಂದು ಉಸಿರಿಗೆ ವಸೂಲಾಗಾಕತ್ತೇತಿ. ಬೇಕೇನು ನಿನಗ?”

ಮರೆವ್ವ ಎರಡೂ ಕೈಯನ್ನು ಅವನ ತಲೆಯ ಮೇಲಿಂದ ಕೆಳಗಿಳಿಸಿ ತನ್ನ ಕಣತಲೆಗೆ ಒತ್ತಿ ನೆಟಿಗೆ ಮುರಿದು ದೃಷ್ಟಿ ತೆಗೆದಳು. “ಬ್ಯಾಡ ಮಗನ. ನಿನ್ನ ಜೋಳ ದಂಡ ಆಗಲಿ. ಈ ವರ್ಷ ದಂಡ ಆದೂ, ಬರೂ ವರ್ಷಾನೂ ದಂಡ ಆಗಲಿ. ನಿನ್ನ ತಮ್ಮಗೋಳದು, ನಿನ್ನ ಮಕ್ಕಳದು, ಎಲ್ಲಾರದೂ ದಂಡ ಆಗಲಿ. ಯಾರದೂ ನನ್ನಂಗ ವಸೂಲಾಗೂದು ಬ್ಯಾಡ.”

ಶಟ್ಟೆವ್ವ ಕೇಳಿದ ಮಾತನ್ನು ಇನ್ನೊಬ್ಬರಿಗೆ ಹೇಳಲು ತಿರುಗದೆ ಕೂತದ್ದು ಜೀವಮಾನದಲ್ಲಿ ಅದೇ ಮೊದಲು.

ಪರಸಪ್ಪ ಬಹಳ ಹೊತ್ತು ನೆಲ ಕೆರೆದ. ಆಮೇಲೆ ಎದ್ದು, ಯಾರ ಮುಖವನ್ನೂ ನೋಡದೆ ಸಿಡಿಮಿಡಿಗೊಂಡು, “ಕಂಬಾರಗ ಕಬ್ಬಿಣ ನಾವ ಒಯ್ದು ಕೊಡತೇವಿ, ಅಂವ ಬಡೀತಾನ. ಅಂದ ಮ್ಯಾಲ ದೊಡ್ಡವ್ವನ ಔಷಧ ಬಾಯಾರ ಕುತ್ತಿಗಿಗೆ ಯಾಕ ಕಟ್ಟೀರಿ? ದೊಡ್ಡ ಜಡ್ಡಿನ ಔಷಧಕ್ಕ ಊರವರದು ಬ್ಯಾರೆ ಒಂದು ರಾಶಿ ಮಾಡ್ರಿ. ಇಷ್ಟೂ ತಿಳೀದಂಥಾ ಅಧ್ಯಕ್ಷನ್ನ ಇಟ್ಕೊಂಡು ಕೂತೀರಿ!” ಎಂದು ಬೈದ. ಬೈಗುಳ ಉಳವಪ್ಪನಿಗೆ. ಉಳವಪ್ಪ ತಲೆದೂಗಿದ. ಅಂದು ಸಂಜೆಯೇ ಡಾಕ್ಟರಬಾಯಿ ಯಂತ್ರವನ್ನು ಎತ್ತಿಕೊಂಡು ತಾವೇ ಮರೆವ್ವನ ಮನೆಗೆ ಬಂದರು.

ಆ ಸುಗ್ಗಿಗೆ ದವಾಖಾನೆಯ ಮುಂದೆ ಎರಡು ರಾಶಿ ಬಿದ್ದವು. ಮರೆವ್ವನನ್ನು ಬಿಸಿಲಿಗೆಂದು ಬಾಗಿಲ ಹತ್ತಿರ ಕೂರಿಸಿದ್ದರು. ಎಲ್ಲರಿಗಿಂತ ಮೊದಲು ಬಂದವನು ಪರಸಪ್ಪ. ಪುಟ್ಟಿಗಳನ್ನು ಸುರುವಿ ಅವಳ ಮುಂದೆ ಬಗ್ಗಿದ.

“ಅನ್ನು ದೊಡ್ಡವ್ವ.”

“ದಂಡ ಆಗಲಿ,” ಎಂದಳು.

ಹಿಂದೆ ನಿಂತಿದ್ದ ಶಟ್ಟೆವ್ವ ಅವನನ್ನು ದೂಡಿ ತಲೆ ಒಡ್ಡಿದಳು. ಮಹಾಂತಪ್ಪ ಕಿತ್ತೂರಿನ ಮೊಮ್ಮಗನನ್ನು ಎತ್ತಿ ತಂದು ಅವನ ತಲೆಯನ್ನೂ ಒಡ್ಡಿಸಿದ. ಸಾಲು ಬೆಳೆಯಿತು. ಮುದುಕಿ ದಣಿದರೂ ಒಬ್ಬರನ್ನೂ ಬಿಡದೆ ಎಲ್ಲರ ಜೋಳಕ್ಕೂ ದಂಡವಾಗಲಿ ಎಂದಳು.

ಕೊನೆಗೆ ಉಳವಪ್ಪ ಬಂದ. ತನ್ನ ತಲೆಗೊಂದು, ಮಹಾನಂದಾಳ ತಲೆಗೊಂದು, ತಾಯಿಯ ತಲೆಗೊಂದು ಪುಟ್ಟಿ ಇಳಿಸಿ ಅವನೂ ಬಗ್ಗಿದ. ಮರೆವ್ವ ಎತ್ತಿದ ಕೈ ಹಾಗೇ ನಿಂತಿತು.

“ನಿನಗ ಹ್ಯಾಂಗ ಅನ್ನಲೋ? ನಾ ಇರೂ ತನಕಾ ನಿನ್ನ ಜೋಳ ದಂಡ ಆಗೂದಿಲ್ಲಲ್ಲ.”

“ಆಗೂದು ಬ್ಯಾಡಬೇ,” ಎಂದ ಉಳವಪ್ಪ. “ನೀ ಇರು. ನಮ್ಮದು ವಸೂಲಾಗಕೋತ ಇರಲಿ.”